ವೈಶಾಖದ ಸೂರ್ಯ

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದು ವಾರ ಕಳೆಯುವುದರೊಳಗಾಗಿ ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಬಾಗಿಲಲ್ಲಿ ಮೂರು ನಾಲ್ಕು ಮಂದಿ ವಿದ್ಯಾರ್ಥಿಗಳು ಸಂಕೋಚದಿಂದ ಬಂದು ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ಶಿಫಾರಸು ಪತ್ರ. ಬೇಸಿಗೆಯ ರಜೆಯಲ್ಲಿ ಕೆಲವು ವಾರ ಯಾವುದಾದರೊಂದು ಸಂಶೋಧನಾ ಸಂಸ್ಥೆಗೆ ಹೋಗಿ, ವಿಜ್ಞಾನಿಯೊಬ್ಬರ ಕೈಕೆಳಗೆ ಕುಳಿತು ಕೆಲಸ ಕಲಿಯುವ ಈ ಏರ್ಪಾಡಿಗೆ ಈಗ ಇಂಟರ್ನ್‌ಶಿಪ್ ಎಂಬ ಹೆಸರು ರೂಢಿಯಾಗಿದೆ. 26 ವರ್ಷಗಳಿಂದ ನಾನು ಇಂಥ ಪತ್ರಗಳನ್ನು ಬರೆಯುತ್ತ ಬಂದಿದ್ದೇನೆ. ಒಂದೇ ತರಗತಿಯ ಎಂಟು ಮಂದಿಯನ್ನು ಒಂದೇ ವರ್ಷ 'ತರಗತಿಯಲ್ಲಿ ಅಗ್ರಗಣ್ಯ' ಎಂದು ಬರೆದು ಸಹಿ ಹಾಕಿದ ಪಾಪವೂ ನನ್ನ ಲೆಕ್ಕದಲ್ಲಿದೆ. ಮೇಷ್ಟರಾದವರು ಇದನ್ನು ಕ್ಷಮಿಸಬಲ್ಲರು.

2018ರಲ್ಲಿ ಹಾಗೆ ಬಂದವಳು ಎರಡನೆಯ ಬಿ.ಎಸ್‌ಸಿ.ಯ ಒಬ್ಬ ಹುಡುಗಿ. ಉಳಿದವರು ಕೃಷ್ಣರಂಧ್ರವೆಂದೋ ವಿಶ್ವದ ಉಗಮವೆಂದೋ ದೊಡ್ಡ ದೊಡ್ಡ ಮಾತುಗಳನ್ನು ಅರ್ಜಿಯಲ್ಲಿ ತುಂಬಿಸಿದ್ದರೆ ಈಕೆ 'ಸೂರ್ಯ' ಎಂದಷ್ಟೇ ಬರೆದಿದ್ದಳು.

'ಸೂರ್ಯನೇ ಏಕಮ್ಮ?' ಎಂದೆ.

'ಹತ್ತಿರದಿಂದ ನೋಡಬಹುದಾದ ನಕ್ಷತ್ರ ಅದೊಂದೇ ಅಲ್ಲವೆ ಸಾರ್!'

ಅವಳ ಉತ್ತರ ನನಗೆ ನಾಟಿತು. ಸೂರ್ಯ ತನ್ನ ಅಕ್ಷದ ಮೇಲೆ ತಿರುಗುತ್ತಾನೆಂದು ನಾನು ಎಷ್ಟು ತಂಡಗಳಿಗೆ ಪಾಠ ಹೇಳಿಲ್ಲ! ಆದರೆ ಒಂದು ಸಣ್ಣ ದೂರದರ್ಶಕದಿಂದ ಬಿಳಿಯ ರಟ್ಟಿನ ಮೇಲೆ ಅವನ ಬಿಂಬವನ್ನು ಬೀಳಿಸಿ, 'ನಿನ್ನೆ ಈ ಕಲೆ ಅಲ್ಲಿತ್ತು, ಇಂದು ಇಲ್ಲಿದೆ' ಎಂದು ಒಂದು ದಿನವಾದರೂ ತೋರಿಸಿದವನಲ್ಲ. ಪತ್ರವನ್ನು ಮನಸ್ಸಿಟ್ಟು ಬರೆದೆ. ಬರೆಯುವಾಗ ನನ್ನ ಕಣ್ಣೆದುರಿಗೆ ಬೇರೊಬ್ಬ ಹುಡುಗ ನಿಂತಿದ್ದ. ಅವನ ಸಂಗತಿಗೆ ಆಮೇಲೆ ಬರುತ್ತೇನೆ.

ಅವಳಿಗೆ ಸ್ಥಳ ದೊರೆತದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯಲ್ಲಿ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಪ್ರಭಾವಲಯವನ್ನು ನೋಡುವ ಉಪಕರಣವನ್ನು ಕಟ್ಟಿಕೊಟ್ಟದ್ದು ಈ ಸಂಸ್ಥೆಯೇ. ಆದರೆ ಇದರ ಬೇರು ಇರುವುದು ಪಳನಿ ಬೆಟ್ಟಗಳ ಮೇಲೆ, ಕೋಡೈಕೆನಾಲಿನ ವೇಧಶಾಲೆಯಲ್ಲಿ. 1899ರಲ್ಲಿ ಸ್ಥಾಪಿತವಾದ ಆ ವೇಧಶಾಲೆ ಸಮುದ್ರಮಟ್ಟಕ್ಕಿಂತ 2,300 ಮೀಟರಿಗೂ ಎತ್ತರದಲ್ಲಿದೆ. ಸೂರ್ಯಕಲೆಗಳ ಅಂಚಿನಲ್ಲಿ ಅನಿಲವು ನಡುವಿನಿಂದ ಹೊರಕ್ಕೆ ಹರಿಯುತ್ತದೆಂಬುದನ್ನು ಜಾನ್ ಎವರ್ಶೆಡ್ 1909ರಲ್ಲಿ ಕಂಡುಕೊಂಡದ್ದು ಅಲ್ಲಿಯೇ.

ಹಿಂದೊಮ್ಮೆ ನಾನೂ ಅಲ್ಲಿಗೆ ಹೋಗಿದ್ದೆ. ಗೋಪುರದ ಮೇಲಿನ ಕನ್ನಡಿಗಳು ಬಿಸಿಲನ್ನು ಹಿಡಿದು ನೆಲದೊಳಗಿನ ಸುರಂಗಕ್ಕೆ ಇಳಿಸುತ್ತವೆ. 60 ಮೀಟರ್ ಉದ್ದದ ಆ ಕತ್ತಲೆಯ ಓಣಿಯಲ್ಲಿ ಊಟದ ತಟ್ಟೆಗಿಂತ ಅಗಲವಾದ ಸೂರ್ಯಬಿಂಬ ಮೌನವಾಗಿ ಬಂದು ನಿಲ್ಲುತ್ತದೆ. ಹೊರಗೆ ಕಣ್ಣೆತ್ತಿ ನೋಡಲಾಗದವನು ಒಳಗೆ ಕೈಗೆಟಕುವ ಹಾಗಿದ್ದಾನೆ! ನಾನು ಮಾತು ಮರೆತು ನಿಂತುಬಿಟ್ಟಿದ್ದೆ. ಅಷ್ಟರಲ್ಲಿ ಮೋಡ ಕವಿಯಿತು. ಬಿಂಬ ಮಾಸಿ, ಅಳಿದು ಹೋಯಿತು.

ಇದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು ಅಲ್ಲಿನವರ ನಿಷ್ಠೆ. 1904ರಿಂದ ಆಕಾಶ ತಿಳಿಯಾಗಿದ್ದ ದಿನಗಳಲ್ಲಿ ಸೂರ್ಯನ ಛಾಯಾಚಿತ್ರ ತೆಗೆಯುತ್ತ ಬಂದಿದ್ದಾರೆ. ಎರಡು ಮಹಾಯುದ್ಧಗಳಾದವು, ದೇಶ ಸ್ವತಂತ್ರವಾಯಿತು. ಚಿತ್ರ ತೆಗೆಯುವ ಕೆಲಸ ಮಾತ್ರ ಸಾಗಿತು. ಬೆಳಗಾಗೆದ್ದು ಫಲಕವನ್ನು ಸಜ್ಜುಮಾಡಿದ ಆ ಜನರ ಹೆಸರುಗಳು ಪಠ್ಯಪುಸ್ತಕಗಳಲ್ಲಿ ಇಲ್ಲ. ಆ ಹಳೆಯ ಫಲಕಗಳೆಲ್ಲ ಈಗ ಕಂಪ್ಯೂಟರಿನಲ್ಲಿ ನೋಡುವಂತಾಗಿವೆ.

ನಮ್ಮ ಹುಡುಗಿಗೆ ಬಂದ ಕೆಲಸ ಆ ಭಂಡಾರದ್ದು. 1958ರ ಜನವರಿಯಿಂದ ಏಪ್ರಿಲ್‌ವರೆಗಿನ ಚಿತ್ರಗಳಲ್ಲಿ ಕಲೆಗಳ ಸ್ಥಾನವನ್ನು ದಿನದಿನವೂ ಗುರುತಿಸಿ, ಸೂರ್ಯನ ಭ್ರಮಣಕಾಲವನ್ನು ಲೆಕ್ಕಹಾಕಬೇಕು. 1958 ಎಂದರೆ ಕಲೆಗಳ ಸಂತೆ. ಸೂರ್ಯಕಲೆಗಳ ಹನ್ನೊಂದು ವರ್ಷದ ಆವರ್ತಗಳಲ್ಲಿ ಅದಕ್ಕಿಂತ ಪ್ರಬಲವಾದದ್ದು ಲೆಕ್ಕಕ್ಕೆ ಸಿಕ್ಕಿಲ್ಲ. ಉತ್ತರವೇನೋ ಮೊದಲೇ ಎಲ್ಲರಿಗೂ ಗೊತ್ತು: ನಡುಗೆರೆಯ ಬಳಿ 25 ದಿನ, ಧ್ರುವಗಳ ಕಡೆಗೆ 30ಕ್ಕೂ ಹೆಚ್ಚು. ಗೊತ್ತಿರುವುದನ್ನು ಮತ್ತೆ ಅಳೆಯುವುದು ಸಂಶೋಧನೆಯೆ ಎಂದು ಕೇಳುವವರುಂಟು. ಅವರು ಒಮ್ಮೆ ಅಳೆದು ನೋಡಬೇಕು.

ಜನವರಿಯ ಚಿತ್ರಗಳು ಸೊಗಸಾಗಿ ಒದಗಿದವು. ಭೂಮಿಯೂ ಅದೇ ದಿಕ್ಕಿನಲ್ಲಿ ಸುತ್ತುವುದರಿಂದ ನಮಗೆ ಕಾಣುವ ಸುತ್ತು ಸುಮಾರು 27 ದಿನ. ಅದನ್ನು ತಿದ್ದಿದರೆ 25 ಬಂತು. ಫೆಬ್ರವರಿಯಲ್ಲಿ ಲೆಕ್ಕ ತುಸು ಓರೆಯಾಯಿತು. ಏಪ್ರಿಲ್ ಬರುವ ಹೊತ್ತಿಗೆ ಕಲೆಗಳು ಅಡ್ಡಲಾಗಿ ಸಾಗುವುದನ್ನು ಬಿಟ್ಟು, ಉತ್ತರದಿಂದ ದಕ್ಷಿಣಕ್ಕೆ ಗುಡ್ಡ ಇಳಿಯುವವರಂತೆ ಇಳಿಯತೊಡಗಿದವು! ಆ ರಾತ್ರಿ ಅವಳು ನನಗೆ ದೂರವಾಣಿ ಮಾಡಿದಳು. ಧ್ವನಿಯಲ್ಲಿ ನಡುಕವಿತ್ತು. 'ಸಾರ್, ಇದನ್ನು ಯಾರೂ ನೋಡಿಲ್ಲವೇನೋ.' ನನಗೂ ಒಂದು ಗಳಿಗೆ ಎದೆ ಹೊಡೆದುಕೊಂಡಿತೆಂದು ಒಪ್ಪಿಕೊಳ್ಳುತ್ತೇನೆ.

ಮಾರ್ಗದರ್ಶಕರು ಅವಳ ನಕ್ಷೆಯನ್ನು ನೋಡಿ ನಗಲಿಲ್ಲ, ಗದರಲೂ ಇಲ್ಲ. 'ಜನವರಿಯಲ್ಲಿ ಸರಿಯಿದ್ದ ಸೂರ್ಯ ಏಪ್ರಿಲಿನಲ್ಲಿ ಏಕೆ ಕೆಟ್ಟ? ಯೋಚನೆ ಮಾಡು' ಎಂದು ಹೇಳಿ ಹೋದರಂತೆ. ಅವಳು ನಾಲ್ಕು ದಿನ ಯೋಚಿಸಿದಳು.

ಸಂಗತಿ ಇಷ್ಟು. ಭೂಮಿಯ ಅಕ್ಷವೂ ಸೂರ್ಯನ ಅಕ್ಷವೂ ವಾಲಿರುವುದರಿಂದ, ನಮ್ಮ ಕಣ್ಣಿಗೆ ಸೂರ್ಯನ ಉತ್ತರವು ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ಜನವರಿಯ ಮೊದಲ ವಾರದಲ್ಲಿ ಅದು ನೆಟ್ಟಗಿರುತ್ತದೆ. ಆಮೇಲೆ ಪಶ್ಚಿಮದ ಕಡೆಗೆ ವಾಲುತ್ತ, ಏಪ್ರಿಲಿನ ಮೊದಲ ವಾರಕ್ಕೆ 26 ಡಿಗ್ರಿ ಮುಟ್ಟಿ, ಮತ್ತೆ ಹಿಂದಿರುಗಿ ಜುಲೈಯಲ್ಲಿ ನೇರವಾಗುತ್ತದೆ. ಚಿತ್ರವನ್ನು ಅಷ್ಟೇ ಕೋನದಷ್ಟು ಎದುರು ದಿಕ್ಕಿಗೆ ತಿರುಗಿಸಿ ಲೆಕ್ಕಹಾಕಬೇಕು. ಇವಳು ಧನಚಿಹ್ನೆಯ ಕಡೆ ಋಣಚಿಹ್ನೆ ಹಾಕಿದ್ದಳು. ವಾಲಿದ ಗೋಡೆಗೆ ಆಸರೆ ಕೊಡುವ ಬದಲು ಅದೇ ಕಡೆಗೆ ಇನ್ನಷ್ಟು ನೂಕಿದಂತಾಗಿತ್ತು! ಜನವರಿಯಲ್ಲಿ ಕೋನ ಸೊನ್ನೆಯ ಸಮೀಪವಿದ್ದುದರಿಂದ ತಪ್ಪು ಅಡಗಿತ್ತು. ಏಪ್ರಿಲಿನಲ್ಲಿ ಅದು ಇಮ್ಮಡಿಸಿ 52 ಡಿಗ್ರಿಯಾಗಿ ಬಯಲಾಯಿತು. ಚಿಹ್ನೆಯನ್ನು ತಿದ್ದಿದೊಡನೆ ಕಲೆಗಳು ವಿಧೇಯವಾಗಿ ತಮ್ಮ ತಮ್ಮ ಸಾಲಿಗೆ ಬಂದವು. ನಡುಗೆರೆಯ ಬಳಿಯವು 25 ದಿನದ ಹತ್ತಿರ. 30 ಡಿಗ್ರಿಯ ಆಸುಪಾಸಿನವು ಅದಕ್ಕಿಂತ ಒಂದು ದಿನಕ್ಕೂ ಮಿಗಿಲು ತಡ.

ರಜೆ ಮುಗಿದ ಮೇಲೆ ಕಾಲೇಜಿನಲ್ಲಿ ಅವಳಿಂದ ಒಂದು ಭಾಷಣ ಮಾಡಿಸಿದೆವು. ಮುಕ್ಕಾಲು ಪಾಲು ಹೊತ್ತನ್ನು ಅವಳು ತನ್ನ ತಪ್ಪನ್ನು ವಿವರಿಸುವುದಕ್ಕೇ ಕೊಟ್ಟಳು. ಮುಂದಿನ ಸಾಲಿನ ಅತಿಥಿಗಳು ಗಡಿಯಾರ ನೋಡಿಕೊಂಡರು. ನನಗೆ ಮಾತ್ರ, ಎರಡು ವರ್ಷ ನಾನು ಹೇಳಿದ ಪಾಠ ಮಾಡದ ಯಾವುದೋ ಒಂದು ಕೆಲಸವನ್ನು ಆ ನಾಲ್ಕು ದಿನಗಳು ಮಾಡಿದ್ದುವೆಂದು ತೋರಿತು.

ಇನ್ನು ಆ ಹುಡುಗ. ಅವನು ಓದುತ್ತಿದ್ದುದು 2015ರಲ್ಲಿ. ಗಣಿತದಲ್ಲಿ ಅಂಥವನನ್ನು ನಾನು ಹಿಂದೆ ಕಂಡಿರಲಿಲ್ಲ. ಅವನ ಪತ್ರದಲ್ಲಿ ಬರೆದ 'ಅಗ್ರಗಣ್ಯ' ಸುಳ್ಳಲ್ಲ. ಅವನೂ ಸೌರವಿಜ್ಞಾನವನ್ನೇ ಆರಿಸಿಕೊಂಡು, ಗ್ರಂಥಾಲಯದಲ್ಲಿದ್ದುದನ್ನೆಲ್ಲ ಓದಿ, ಬೇರೊಂದು ಸಂಸ್ಥೆಗೆ ಅರ್ಜಿ ಹಾಕಿದ್ದ. ಆಯ್ಕೆಯ ಕಾಗದವೂ ಬಂತು. ಭತ್ಯೆ ಕೆಲಸ ಮುಗಿದ ಮೇಲೆ. ಕೋಣೆಯ ಮುಂಗಡವನ್ನು ಮಾತ್ರ ಮೊದಲೇ ಕೊಡಬೇಕು. ಅವನ ತಂದೆ ಮದುವೆಮನೆಗಳಲ್ಲಿ ಅಡುಗೆಯವರು. ಬೇಸಿಗೆಯಲ್ಲಿ ಮಗನೂ ಬಡಿಸಲು ಹೋದರೆ ಮನೆಯ ವರ್ಷದ ಸಾಲ ತೀರುತ್ತಿತ್ತು.

'ಇಂಥ ಅವಕಾಶ ಮತ್ತೆ ಬರುವುದಿಲ್ಲ' ಎಂದು ನಾನು ರೇಗಿದೆ.

'ನಿಜ ಸಾರ್. ಆದರೆ ಮದುವೆಗಳೂ ವೈಶಾಖದಲ್ಲೇ ಆಗುತ್ತವೆ' ಎಂದ.

ಆ ಮುಂಗಡದ ಹಣವನ್ನು ನಾನು ಕೊಡಬಹುದಾಗಿತ್ತು. ಅದು ಆಗ ನನಗೆ ಹೊಳೆಯಲಿಲ್ಲವೆಂದರೆ ಸುಳ್ಳಾದೀತು. ಹೊಳೆಯಿತು, ಬಾಯಿ ಬಿಡಲಿಲ್ಲ.

2019ರ ಮೇ ತಿಂಗಳಲ್ಲಿ ಸಂಬಂಧಿಕರ ಮದುವೆಯೊಂದರ ಪಂಕ್ತಿಯಲ್ಲಿ ಕುಳಿತಿದ್ದೆ. ಸಾರಿನ ಬಕೆಟ್ಟು ಹಿಡಿದು ಬಂದವನು ಅವನೇ. ಬಿ.ಎಡ್. ಮುಗಿಸಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಾನಂತೆ; ರಜೆಯಲ್ಲಿ ತಂದೆಗೆ ನೆರವು.

'ಬೇಸಿಗೆ ಕೆಲಸಕ್ಕೆ ಈಗ ಯಾರಾದರೂ ಹೋಗುತ್ತಾರೆಯೆ ಸಾರ್?' ಎಂದು ಮೆಲ್ಲನೆ ಕೇಳಿದ.

ನಾನು ಹುಡುಗಿಯ ಕಥೆ ಹೇಳತೊಡಗಿದೆ. ಏಪ್ರಿಲಿನ ಕಲೆಗಳು ದಕ್ಷಿಣಕ್ಕೆ ಇಳಿದ ಕಡೆ ಬಂದು, ಉತ್ತರವನ್ನು ಇನ್ನೂ ಹೇಳದೆ ಒಂದು ಕ್ಷಣ ತಡೆದೆ. ಅವನು ಬಕೆಟ್ಟನ್ನು ನೆಲದ ಮೇಲಿಟ್ಟ.

'ಜನವರಿಯದು ಸರಿಯಾಗಿ ಬಂದಿತ್ತೆ ಸಾರ್?'

'ಬಂದಿತ್ತು.'

'ಹಾಗಾದರೆ ಕೋನದ ಚಿಹ್ನೆ ತಪ್ಪಿರಬೇಕು' ಎಂದವನೇ ಬಕೆಟ್ಟನ್ನು ಎತ್ತಿಕೊಂಡು, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿ, ಪಕ್ಕದ ಎಲೆಗೆ ಹೋದ.