ಎಡಕ್ಕೆ ವಾಲುವ ಗೈರೋಗೆ ವಾಷರ್ ಮದ್ದು

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ ವಿಮಾನದ ಮಾತೆತ್ತಿದರೆ ಜನ ಶಾವಿಗೆ ಮಲ್ಲೇಶ್ವರ ಬೆಟ್ಟದ ದಯಾನಂದ ಸಾಗರ್ ಎಂಜಿನಿಯರಿಂಗ್ ಕಾಲೇಜಿನ ಕಡೆ ಕೈ ತೋರಿಸುತ್ತಾರೆ. ಏರೋನಾಟಿಕಲ್ ಓದುವವರು ಅಲ್ಲಿಗೆ ಹೋಗಲಿ. ಆ ಓದಿನ ಒಂದು ಚಿಕ್ಕ ಕವಲನ್ನು ಮನೆಯ ಊಟದ ಮೇಜಿನ ಮೇಲೂ ಕಲಿಯಬಹುದು. ಅದು ರೇಡಿಯೋ ನಿಯಂತ್ರಣದ ಮಾದರಿ ಗೈರೋಕಾಪ್ಟರ್ ಕಟ್ಟುವ ಹವ್ಯಾಸ.

ನೋಡಲು ಹೆಲಿಕಾಪ್ಟರ್‌ನಂತಿದ್ದರೂ ಇದರ ನೆತ್ತಿಯ ರೋಟರ್‌ಗೂ ಮೋಟಾರಿಗೂ ಸಂಬಂಧವಿಲ್ಲ. ಮೋಟಾರು ತಿರುಗಿಸುವುದು ಪ್ರೊಪೆಲ್ಲರನ್ನು ಮಾತ್ರ. ಮುಂದೆ ಓಡುವಾಗ ಎದುರಾಗುವ ಗಾಳಿಗೆ ರೋಟರ್ ತಾನಾಗಿಯೇ ತಿರುಗಿ ಯಂತ್ರವನ್ನು ಎತ್ತುತ್ತದೆ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ 1923ರ ಜನವರಿಯಲ್ಲಿ ಮ್ಯಾಡ್ರಿಡ್ ಬಳಿಯ ಹೆತಾಫೆಯಲ್ಲಿ ಇಂಥದ್ದನ್ನು ಹಾರಿಸಿ ತೋರಿಸಿದ. ಅದಕ್ಕೂ ಮುಂಚಿನ ಅವನ ಯಂತ್ರಗಳು ಪಕ್ಕಕ್ಕೆ ಮಗುಚುತ್ತಿದ್ದವು. ರೋಟರ್ ಬ್ಲೇಡುಗಳ ಬುಡಕ್ಕೆ ಕೀಲು ಹಾಕಿದ ಮೇಲೆ ಆ ಕಾಟ ತಪ್ಪಿತು.

ಮಾದರಿ ಕಟ್ಟುವವರನ್ನು ಕಾಡುವುದು ಬೇರೆಯದೇ ವಾಲು. ಪ್ರೊಪೆಲ್ಲರ್ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಿದರೆ, ಅದರ ಪ್ರತಿಬಲ ಇಡೀ ಒಡಲನ್ನು ಎಡಕ್ಕೆ ಹೊರಳಿಸುತ್ತದೆ. ಪ್ರೊಪೆಲ್ಲರ್ ಮೂತಿಯಲ್ಲಿದ್ದರೆ ಸುರುಳಿಯಾಗಿ ಹಿಂದಕ್ಕೆ ಹೋಗುವ ಗಾಳಿ ಬಾಲದ ನಿಂತ ಹಲಗೆಗೆ ಎಡಗಡೆಯಿಂದ ಬಡಿದು ಮೂತಿಯನ್ನೂ ಎಡಕ್ಕೇ ತಿರುಗಿಸುತ್ತದೆ. ಮಾಮೂಲಿ ವಿಮಾನದ ಉದ್ದ ರೆಕ್ಕೆ ಈ ಹೊರಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೈರೋಗೆ ಆ ರೆಕ್ಕೆ ಎಲ್ಲಿ? ಗಡಿಯಾರದ ಲೋಲಕದಂತೆ ಅದರ ಒಡಲು ರೋಟರ್‌ನಿಂದ ನೇತಾಡುತ್ತಿರುತ್ತದೆ.

ಕೈಲೆಕ್ಕ ಹಾಕಿ ನೋಡಿ. ಒಂದು ಕಿಲೋ ತೂಕದ ಮಾದರಿ. ಮೋಟಾರು ನಿಮಿಷಕ್ಕೆ 9000 ಸುತ್ತಿನಲ್ಲಿ 200 ವ್ಯಾಟ್ ಕೊಡುತ್ತಿದೆ ಎನ್ನೋಣ. ತಿರುಚು ಬಲ ಸುಮಾರು 0.21 ನ್ಯೂಟನ್ ಮೀಟರ್. ಇಡೀ ಯಂತ್ರದ ತೂಕ ಎರಡು ಸೆಂಟಿಮೀಟರು ಎಡಕ್ಕೆ ಸರಿದು ಕೂತಷ್ಟಾಯಿತು! ಬಲಗಡೆ ತೂಕ ಹೇರಿ ಸರಿದೂಗಿಸುತ್ತೇನೆ ಅಂದರೆ 200 ಗ್ರಾಮಿನ ಬ್ಯಾಟರಿಯನ್ನು ಮಧ್ಯದಿಂದ ಹನ್ನೊಂದು ಸೆಂಟಿಮೀಟರು ಆಚೆ ಕಟ್ಟಬೇಕು. ಕಟ್ಟಿದರೂ ಥ್ರಾಟಲ್ ಇಳಿಸಿದ ಕ್ಷಣ ತಿರುಚು ಹೋಗಿ ತೂಕ ಮಾತ್ರ ಉಳಿಯುತ್ತದೆ, ಗೈರೋ ಬಲಕ್ಕೆ ಬೀಳುತ್ತದೆ. ಈ ಕಸುಬಿನ ಗುಟ್ಟೆಲ್ಲ ಇಲ್ಲೇ ಇದೆ: ಕಾಟ ಥ್ರಾಟಲ್ ಜತೆ ಏರಿಳಿಯುತ್ತದೆ, ಮದ್ದೂ ಅದರ ಜತೆಗೇ ಏರಿಳಿಯಬೇಕು.

ಮೂತಿ ತಿರುಗುವುದಕ್ಕೆ ವಾಷರ್ ಸಾಕು. ಮೋಟಾರು ಕೂರಿಸುವ ತಗಡಿನ ಎಡಗಡೆಯ ಬೋಲ್ಟುಗಳ ಕೆಳಗೆ ಒಂದು ಮಿಲಿಮೀಟರು ದಪ್ಪದ ವಾಷರ್ ಹಾಕಿದರೆ, ಬೋಲ್ಟುಗಳ ನಡುವಿನ ಅಂತರ 25 ಮಿಲಿಮೀಟರು ಇದ್ದಲ್ಲಿ, ಮೋಟಾರಿನ ದಂಡ ಎರಡು ಡಿಗ್ರಿಗಿಂತ ತುಸು ಹೆಚ್ಚೇ ಬಲಕ್ಕೆ ತಿರುಗುತ್ತದೆ. ಶಕ್ತಿ ಏರಿದಷ್ಟೂ ಈ ಬಲಸೆಳೆತವೂ ಏರುತ್ತದೆ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುವ ಸಾಮಾನಿದು, ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌.ಪಿ. ರೋಡಿನವರೆಗೆ ಹೋಗಬೇಕಾದ್ದು ರಿಸೀವರ್, ಸರ್ವೋಗಳಿಗಾಗಿ.

ಹೊರಳು ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ರೋಟರ್ ತಲೆಯನ್ನು ಬಲಕ್ಕೆ ವಾಲಿಸುವುದು ರೂಢಿ. ನಮ್ಮ ಲೆಕ್ಕದ ಮಾದರಿಯಲ್ಲಿ ತಲೆ ಭಾರಕೇಂದ್ರಕ್ಕಿಂತ 25 ಸೆಂಟಿಮೀಟರು ಮೇಲಿದ್ದರೆ ಸುಮಾರು ಐದು ಡಿಗ್ರಿ ಬೇಕು. ಆದರೆ ಇದೂ ತೂಕದ ಹಾಗೆಯೇ, ಥ್ರಾಟಲ್ ಮಾತು ಕೇಳದ ಮದ್ದು. ಅದಕ್ಕೇ ಅರ್ಧದಷ್ಟು ವಾಲಿಸಿ, ಮಿಕ್ಕಿದ್ದನ್ನು ಬಾಲಕ್ಕೆ ಬಿಡುವುದು ನನ್ನ ಮಟ್ಟಿಗೆ ಜಾಣತನ. ಪ್ರೊಪೆಲ್ಲರಿನ ಗಾಳಿಯಲ್ಲೇ ಅಗಲವಾದ ಅಡ್ಡ ಬಾಲ ಇಟ್ಟರೆ ಸುರುಳಿಗಾಳಿ ಅದರ ಎಡಭಾಗವನ್ನು ಮೇಲಕ್ಕೂ ಬಲಭಾಗವನ್ನು ಕೆಳಕ್ಕೂ ತಳ್ಳುತ್ತದೆ. ಎಡಕ್ಕೆ ಹೊರಳಿಸಿದ ಪ್ರೊಪೆಲ್ಲರೇ ಹೀಗೆ ಒಂದಿಷ್ಟನ್ನು ಹಿಂದಕ್ಕೆ ಕೊಟ್ಟಂತಾಗುತ್ತದೆ. ಆಮೇಲೂ ಉಳಿದರೆ ಟ್ರಾನ್ಸ್‌ಮಿಟರಿನ ಮಿಕ್ಸಿಂಗ್ ಇದೆ: ಥ್ರಾಟಲ್ ಏರಿಸಿದಾಗ ರೋಟರ್ ತಲೆ ತಾನೇ ತುಸು ಬಲಕ್ಕೆ ವಾಲುವಂತೆ ಹೊಂದಿಸಬಹುದು. ಮೊದಲೇ ಮಿಕ್ಸಿಂಗ್‌ಗೆ ಕೈಹಾಕುವವರು ಕಟ್ಟುವಾಗ ಉಳಿದ ಸೊಟ್ಟವನ್ನು ಮುಚ್ಚಿಡುತ್ತಾರಷ್ಟೆ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ 8ರಷ್ಟು ತೆಳು. ಅದೇ ತೂಕ ಹೊರಲು ರೋಟರ್ ಇಲ್ಲಿ ಹೆಚ್ಚು ಜೋರಾಗಿ ತಿರುಗಬೇಕು. ಕರಾವಳಿಯ ಗೆಳೆಯರ ಅಳತೆಯನ್ನು ಹಾಗೇ ನಕಲು ಮಾಡಿದರೆ ನಡೆಯದು.

ಲೇಔಟಿನ ಕೇಬಲ್ಲು, ತಾರಸಿಗಳ ನಡುವೆ ಹಾರಿಸುವ ಮಾತಂತೂ ಇಲ್ಲ. ಊರಾಚೆಯ ಬಯಲಿಗೆ ಹೋಗಬೇಕು. 2021ರ ಡ್ರೋನ್ ನಿಯಮಗಳು ಬಂದ ಮೇಲೆ ಜಾಗ ಹಸಿರು ವಲಯದಲ್ಲಿದೆಯೇ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡೇ ಹೊರಡಬೇಕು. ಹಾರಿಸುವಾಗ ಗೈರೋವನ್ನು ಗಾಳಿಗೆ ಮುಖಮಾಡಿ ಹಿಡಿದು, ರೋಟರ್ ಪೂರಾ ವೇಗ ಹಿಡಿಯುವವರೆಗೆ ಥ್ರಾಟಲ್ ಮುಟ್ಟಬಾರದು. ರೋಟರ್ ಸುಸ್ತಾಗಿರುವಾಗ ಮೋಟಾರಿಗೆ ಪೂರ್ತಿ ಕೊಟ್ಟರೆ ಎಡಗಡೆಯ ತುದಿ ನೆಲಕ್ಕೆ ಬಡಿದು ಬ್ಲೇಡು ಚೂರಾಗುತ್ತದೆ. ಸುರಕ್ಷಿತ ಎತ್ತರ ಸಿಕ್ಕ ಮೇಲೆ ಟ್ರಾನ್ಸ್‌ಮಿಟರಿನ ನಿಯಂತ್ರಣ ಕೋಲು ಬಿಟ್ಟು ಥ್ರಾಟಲ್ ಇಳಿಸಿ ನೋಡಿ. ಬಲಕ್ಕೆ ವಾಲಿದರೆ ರೋಟರ್ ತಲೆಯ ಓರೆ ಜಾಸ್ತಿಯಾಗಿದೆ. ಥ್ರಾಟಲ್ ಏರಿಸಿದಾಗ ಮಾತ್ರ ಮೂತಿ ಎಡಕ್ಕೆ ಎಳೆದರೆ ಇನ್ನೊಂದು ತೆಳು ವಾಷರ್.