ಅಂಗೈಯ ಯಂತ್ರವೂ ಪಕ್ಕದ ಮನೆಯೂ

ನಂಜನಗೂಡಿನಲ್ಲಿ ಕಪಿಲಾ ನದಿಗೆ ಅಡ್ಡಲಾಗಿ ಒಂದು ಹಳೆಯ ಸೇತುವೆಯಿದೆ. ದಳವಾಯಿ ದೇವರಾಜನ ಕಾಲದಲ್ಲಿ, 1735ರಲ್ಲಿ ಕಟ್ಟಿದ್ದು. ಕಾಲ್ನಡೆಯವರು, ಎತ್ತಿನ ಗಾಡಿಗಳು, ಮುಂದೆ ರೈಲು, ಎಲ್ಲವೂ ಅದನ್ನು ದಾಟಿವೆ. ಅದನ್ನು ಕಂಡಾಗಲೆಲ್ಲ ನನಗೆ ದೂರದ ಫತೇಪುರ ಸಿಕ್ರಿ ನೆನಪಾಗುತ್ತದೆ. ಅಲ್ಲಿಯ ಬುಲಂದ್ ದರ್ವಾಜದ ಮೇಲೆ ಅಕ್ಬರನು ಯೇಸುವಿನ ಹೆಸರಿನಲ್ಲಿ ಒಂದು ಮಾತನ್ನು ಕೆತ್ತಿಸಿದ್ದಾನೆ. ಲೋಕವು ಸೇತುವೆಯಂತೆ ದಾಟುವುದಕ್ಕೆ ಇರುವುದು, ನೆಲೆಸುವುದಕ್ಕಲ್ಲ ಎಂಬುದು ಅದರ ತಾತ್ಪರ್ಯ. ನಾಲ್ಕು ಶುಭಸಂದೇಶಗಳಲ್ಲಿ ಈ ಮಾತು ಇಲ್ಲ. ಇಸ್ಲಾಮಿನ ಪರಂಪರೆ ಅದನ್ನು ಯೇಸುವಿನದೆಂದು ಕಾಪಾಡಿಕೊಂಡು ಬಂದಿದೆ. ನಮ್ಮೆಲ್ಲರ ಅಂಗೈಗೆ ಬಂದು ಕುಳಿತಿರುವ ಮೊಬೈಲ್ ಫೋನನ್ನು ಕುರಿತು ಕ್ರೈಸ್ತನಾದ ನಾನು ಯೋಚಿಸುವಾಗ ಈ ಮಾತೇ ದಾರಿ ತೋರಿಸುತ್ತದೆ. ಫೋನೂ ಒಂದು ಸೇತುವೆ. ನಾವು ಅದನ್ನು ದಾಟುತ್ತಿದ್ದೇವೆಯೋ, ಅದರ ಮೇಲೆಯೇ ಬಿಡಾರ ಹೂಡಿದ್ದೇವೆಯೋ ಎಂಬುದು ಪ್ರಶ್ನೆ.

ಕೇಳುಗ ಮಿತ್ರರೇ, ಈ ಪ್ರಶ್ನೆ ನನಗೆ ಓದಿನಿಂದ ಹುಟ್ಟಿದ್ದಲ್ಲ. 2020ರ ಮಾರ್ಚ್ ಕೊನೆಯ ವಾರದಲ್ಲಿ ನಂಜನಗೂಡಿನ ಒಂದು ಕಾರ್ಖಾನೆಯ ನೌಕರರಲ್ಲಿ ಕೊರೋನಾ ಸೋಂಕು ಕಾಣಿಸಿಕೊಂಡಿತು. ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದ ಹೊತ್ತು ಅದು. ನಮ್ಮದಂತೂ ಎಲ್ಲರೂ ಬೆರಳು ಮಾಡಿ ತೋರಿಸುವ ಊರಾಯಿತು. ಗುಡಿ, ಮಸೀದಿ, ಚರ್ಚುಗಳೆಲ್ಲ ಮುಚ್ಚಿದವು. ನನ್ನ ಅಕ್ಕ ತಿರುಮಕೂಡಲು ನರಸೀಪುರದಲ್ಲಿ ಒಬ್ಬಳೇ ಇದ್ದಾಳೆ. ನಮ್ಮೂರ ಕಪಿಲೆ ಹರಿದುಹೋಗಿ ಕಾವೇರಿಯನ್ನು ಕೂಡುವುದು ಅಲ್ಲಿಯೇ. ನದಿ ಹೋಗುತ್ತಿತ್ತು, ನಾವು ಹೋಗುವಂತಿರಲಿಲ್ಲ. ಪ್ರತಿ ಸಂಜೆ ಅವಳು ಅಲ್ಲಿ, ನಾವು ಇಲ್ಲಿ, ಫೋನಿನ ಮೂಲಕ ಒಟ್ಟಿಗೆ ಜಪಮಾಲೆಯ ಪ್ರಾರ್ಥನೆ ಹೇಳುತ್ತಿದ್ದೆವು. ಮಾರ್ಚ್ 27ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಮಳೆಯಲ್ಲಿ ತೊಯ್ದ, ಜನರಿಲ್ಲದ ಚೌಕದ ಮುಂದೆ ನಿಂತು ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು ಕಂಡದ್ದೂ, ಏಪ್ರಿಲ್ 12ರ ಪಾಸ್ಖ ಹಬ್ಬದ ಬಲಿಪೂಜೆಯನ್ನು ನೋಡಿದ್ದೂ ಆ ಪುಟ್ಟ ಪರದೆಯ ಮೇಲೆಯೇ. ಯಂತ್ರವನ್ನು ಸೈತಾನನ ಕೈವಾಡವೆಂದು ಹಳಿಯುವವರ ಮಾತಿಗೆ ಅಂದಿನಿಂದ ನಾನು ಕಿವಿಗೊಟ್ಟಿಲ್ಲ.

ಆದರೆ ಅದೇ ದಿನಗಳಲ್ಲಿ, ಅದೇ ಯಂತ್ರದಿಂದ ನಾನೊಂದು ತಪ್ಪು ಮಾಡಿದೆ. ನಮ್ಮ ಬೀದಿಯ ಒಂದು ಮನೆಗೆ ಸೋಂಕು ತಗಲಿದೆ, ಎಚ್ಚರವಾಗಿರಿ ಎಂಬ ಸಂದೇಶ ವಾಟ್ಸಾಪಿನಲ್ಲಿ ಬಂದಿತು. ಎಲ್ಲರಿಗೂ ಒಳ್ಳೆಯದಾಗಲೆಂದೇ ಅದನ್ನು ಪರಿಚಿತರ ಗುಂಪಿಗೆ ದಾಟಿಸಿದೆ. ಎರಡು ದಿನದೊಳಗೆ ಆ ಮನೆಗೆ ಹಾಲು ತರುವವರು ನಿಂತರು. ಅವರ ಮಕ್ಕಳು ಕಿಟಕಿಗೆ ಬಂದರೆ ಎದುರುಮನೆಯ ಕಿಟಕಿ ಮುಚ್ಚುತ್ತಿತ್ತು. ಮನೆಯ ಯಜಮಾನರು ಹಿಂದೊಮ್ಮೆ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದು ನಿಜ. ಸೋಂಕಿನ ಮಾತು ಸುಳ್ಳು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ನಾಲ್ಕೇ ಬಾಗಿಲು. ರೋಮನ್ನು ಕಂಡ ನನಗೆ ಆ ನಾಲ್ಕು ಬಾಗಿಲುಗಳ ಆಚೆ ಕಾಣಿಸಲಿಲ್ಲ.

2018ರ ವಿಶ್ವ ಸಂಪರ್ಕ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸ್ ಅವರು ಸುಳ್ಳುಸುದ್ದಿಯನ್ನು ಕುರಿತು ಬರೆಯುತ್ತ ಏದೆನ್ ತೋಟದ ಸರ್ಪವನ್ನು ನೆನೆದರು. ಸರ್ಪವು ಅಪ್ಪಟ ಸುಳ್ಳನ್ನು ಹೇಳಲಿಲ್ಲ. ಸ್ವಲ್ಪ ನಿಜವನ್ನು ಬೆರೆಸಿ, ಹಿತಚಿಂತಕನಂತೆ ಹೇಳಿತು. ನಾನು ದಾಟಿಸಿದ ಸಂದೇಶದ ರಚನೆಯೂ ಹಾಗೆಯೇ ಇತ್ತು.

ಹೊಸ ಸಾಧನಗಳ ಬಗೆಗೆ ಕ್ರೈಸ್ತಸಭೆ ಭಯಪಟ್ಟು ಕುಳಿತಿಲ್ಲ. ಆಕಾಶವಾಣಿ ಎಂಬ ಹೆಸರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಆರಂಭಿಸುವ ನಾಲ್ಕು ವರ್ಷ ಮೊದಲೇ, 1931ರ ಫೆಬ್ರವರಿ 12ರಂದು, ಮಾರ್ಕೋನಿ ಕಟ್ಟಿಕೊಟ್ಟ ನಿಲಯದಿಂದ ವ್ಯಾಟಿಕನ್ ರೇಡಿಯೋ ಮಾತನಾಡಿತು. ಸಂಪರ್ಕ ಮಾಧ್ಯಮಗಳಿಗೆಂದೇ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಒಂದು ನಿರ್ಣಯವನ್ನು ಹೊರಡಿಸಿತು. ಆದರೂ ಒಂದು ಗೆರೆಯನ್ನು ಎಳೆದಿದೆ: 2002ರ ಫೆಬ್ರವರಿಯಲ್ಲಿ ರೋಮಿನಿಂದ ಬಂದ ದಾಖಲೆ, ಅಂತರಜಾಲದ ಮೂಲಕ ಸಂಸ್ಕಾರಗಳು ಸಲ್ಲುವುದಿಲ್ಲವೆಂದು ಹೇಳಿತು. 2020ರ ಏಪ್ರಿಲ್ 17ರಂದು, ಚರ್ಚುಗಳು ಮುಚ್ಚಿದ್ದ ಕಾಲದಲ್ಲಿಯೇ, ಪೋಪ್ ಫ್ರಾನ್ಸಿಸ್ ಅವರು ಪರದೆಯ ಮೇಲಿನ ಪೂಜೆ ಇಕ್ಕಟ್ಟಿನ ದಿನಗಳ ದಾರಿ ಮಾತ್ರ, ಅದರಲ್ಲಿಯೇ ಉಳಿಯಬಾರದು ಎಂದು ಎಚ್ಚರಿಸಿದರು.

ಇದಕ್ಕೆ ಕಾರಣ ಕ್ರೈಸ್ತ ನಂಬುಗೆಯ ಬುಡದಲ್ಲಿಯೇ ಇದೆ. ದೇವರು ಪ್ರವಾದಿಗಳ ಮೂಲಕ ಸಂದೇಶಗಳನ್ನು ಕಳುಹಿಸಿದ ಮೇಲೂ, ಕೊನೆಗೆ ತಾನೇ ಮನುಷ್ಯದೇಹದಲ್ಲಿ ಬಂದನೆಂಬುದು ನಮ್ಮ ವಿಶ್ವಾಸ. ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದನು. ನೆರೆಯವನು ಯಾರು ಎಂದು ಕೇಳಿದ ಶಾಸ್ತ್ರಜ್ಞನಿಗೆ ಸಮಾರ್ಯದವನ ಕಥೆ ಹೇಳಿದನು. ಆ ಕಥೆಯಲ್ಲಿ ಯಾಜಕನೂ ಲೇವಿಯನೂ ಸಮಾರ್ಯದವನೂ ನಡೆದದ್ದು ಒಂದೇ ದಾರಿಯಲ್ಲಿ. ತಪ್ಪು ದಾರಿಯದಲ್ಲ. ಒಬ್ಬನು ನಿಂತು ಬಾಗಿದನು, ಇಬ್ಬರು ನೋಡಿಯೂ ಮುಂದೆ ಹೋದರು. ದಿನವೂ ನೂರು ಗಾಯಾಳುಗಳನ್ನು ಬೆರಳತುದಿಯಿಂದ ಸರಿಸಿ ಮುಂದೆ ಹೋಗುವುದನ್ನು ಈ ಯಂತ್ರ ನಮಗೆ ಅಭ್ಯಾಸ ಮಾಡಿಸುತ್ತಿದೆ ಎಂಬುದೇ ನನ್ನ ಆತಂಕ.

ಆದುದರಿಂದ ನನಗೆ ನಾನೇ ಮೂರು ಕಟ್ಟುಗಳನ್ನು ಹಾಕಿಕೊಂಡಿದ್ದೇನೆ. ಯಾರನ್ನು ಕುರಿತ ಮಾತೋ ಅವರ ಜಗಲಿಯ ಮೇಲೆ ನಿಂತು ಹೇಳಲಾರದ್ದನ್ನು ಫೋನಿನಲ್ಲಿ ಮುಂದೆ ಕಳುಹಿಸುವುದಿಲ್ಲ. ಭಾನುವಾರ ಮಧ್ಯಾಹ್ನದ ಊಟ ಮುಗಿಯುವವರೆಗೆ ಫೋನು ಬೀರುವಿನಲ್ಲಿರುತ್ತದೆ. ಬಿಡುವಿನ ದಿನವನ್ನು ವಿಧಿಸಿದ ದೇವರಿಗೆ ಮನುಷ್ಯನ ದುಡಿಮೆಯ ಆಸೆ, ಗದ್ದಲದ ಆಸೆ ಎರಡೂ ತಿಳಿದಿದ್ದವು. ಫೋನಿನಲ್ಲಿ ವಿಚಾರಿಸಿಕೊಂಡವರನ್ನು ಸಾಧ್ಯವಾದಾಗ ಹೋಗಿ ನೋಡುತ್ತೇನೆ. ಅಕ್ಕನ ಮನೆಗೆ ತಿಂಗಳಿಗೊಮ್ಮೆ ಬಸ್ಸು ಹತ್ತುತ್ತೇನೆ. ಇದು ಮುದುಕರ ಮಡಿವಂತಿಕೆಯೆಂದು ಯುವಕರು ನಗಬಾರದು. 2006ರಲ್ಲಿ 15ನೆಯ ವಯಸ್ಸಿಗೆ ತೀರಿಕೊಂಡ ಇಟಲಿಯ ಕಾರ್ಲೊ ಅಕುಟಿಸ್ ಕಂಪ್ಯೂಟರಿನಲ್ಲಿ ನಿಪುಣನಾಗಿದ್ದ ಹುಡುಗ. ಆಟದ ಯಂತ್ರಕ್ಕೆ ವಾರಕ್ಕೆ ಒಂದು ಗಂಟೆ ಎಂದು ತಾನೇ ಮಿತಿ ಹಾಕಿಕೊಂಡಿದ್ದನಂತೆ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವರು ಅವನನ್ನು ಸಂತನೆಂದು ಸಾರಿದರು.

2020ರ ಜೂನ್ ತಿಂಗಳಲ್ಲಿ ನಿರ್ಬಂಧಗಳು ಸಡಿಲವಾದವು. ಆ ಮನೆಯವರಿಗೆ ಕ್ಷಮೆ ಕೇಳುವ ಮಾತುಗಳನ್ನು ಫೋನಿನಲ್ಲಿ ಎರಡು ಸಲ ಬರೆದು ಅಳಿಸಿದ್ದೆ. ಕೊನೆಗೆ ಒಂದು ಸಂಜೆ ಆ ನಾಲ್ಕು ಬಾಗಿಲುಗಳನ್ನು ದಾಟಿ ಹೋಗಿ, ಸಂದೇಶ ಕಳುಹಿಸಿದವರಲ್ಲಿ ನಾನೂ ಒಬ್ಬನೆಂದು ಹೇಳಿದೆ. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಒಳಗೆ ಬನ್ನಿ ಎಂದೂ ಕರೆಯಲಿಲ್ಲ. ಆಮೇಲೆ ಒಂದು ಕುರ್ಚಿಯನ್ನು ಹೊರಗೆ ತಂದಿಟ್ಟು, ಕೂತುಕೊಳ್ಳಿ ಎಂದರು.