ಹಳೆಯ ಓಮ್ನಿಗೆ ಹೊಸ ಒಡಲು

ಮಾರುತಿ ವ್ಯಾನ್ ರಸ್ತೆಗಿಳಿದದ್ದು 1984ರಲ್ಲಿ. ಮುಂದೆ ‘ಓಮ್ನಿ’ ಎಂಬ ಹೆಸರು ಪಡೆದು 2019ರವರೆಗೂ ತಯಾರಾಯಿತು. ಶಾಲಾಮಕ್ಕಳನ್ನೂ ತರಕಾರಿ ಮೂಟೆಗಳನ್ನೂ ಹೊತ್ತು ಸವೆದ ಇಂಥ ವ್ಯಾನಿನ ಒಳಭಾಗವನ್ನು ಹೈದರಾಬಾದಿನಲ್ಲಿ ಹೊಸದು ಮಾಡಹೊರಟವರಿಗೆ ಮೊದಲ ಶತ್ರು ಬಿಸಿ. 796 ಸಿಸಿ ಎಂಜಿನ್ ಇರುವುದೇ ಮುಂದಿನ ಸೀಟುಗಳ ಅಡಿಯಲ್ಲಿ! ಬೇಸಿಗೆಯಲ್ಲಿ ಹೊರಗಿನ ಬಿಸಿಲು 40 ಡಿಗ್ರಿ ದಾಟಿದಾಗ ತಗಡಿನ ಚಾವಣಿಯೂ ಅದರ ಜೊತೆ ಸೇರಿಕೊಳ್ಳುತ್ತದೆ.

ಹಾಗಾಗಿ ಸೀಟ್ ಕವರಿನ ಬಣ್ಣ ಆರಿಸುವುದು ಕೊನೆಯ ಕೆಲಸ.

ಮೊದಲು ಸೀಟು, ಮ್ಯಾಟು ಎಲ್ಲ ಕಳಚಬೇಕು. ಬಾಗಿಲಿನ ರಬ್ಬರ್ ಸವೆದು ಮಳೆನೀರು ಒಳಗಿಳಿದಿದ್ದರೆ ಮ್ಯಾಟಿನಡಿ ತುಕ್ಕು ಖಂಡಿತ. ಅದನ್ನು ಉಜ್ಜಿ ತೆಗೆದು, ತೂತು ಬಿದ್ದಲ್ಲಿ ಹೊಸ ತಗಡು ವೆಲ್ಡಿಂಗ್ ಮಾಡಿಸಿ, ಪ್ರೈಮರ್ ಬಳಿದ ಮೇಲೆಯೇ ಡ್ಯಾಂಪಿಂಗ್ ಶೀಟಿನ ಸರದಿ. ಬ್ಯುಟೈಲ್ ರಬ್ಬರಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಈ ಶೀಟು ತಗಡಿನ ನಡುಕವನ್ನು, ಗದ್ದಲವನ್ನು ತಗ್ಗಿಸುತ್ತದೆ. ಬಿಸಿ ತಡೆಯಲು ಫೋಮ್ ಪದರ ಬೇರೆಯೇ ಬೇಕು. ಎರಡೂ ಒಂದೇ ಎನ್ನುವ ಅಂಗಡಿಯವರ ಮಾತು ನಂಬುವಂಥದ್ದಲ್ಲ. ಎಂಜಿನ್ ಹತ್ತಿರ ಮಾತ್ರ ಸುಲಭವಾಗಿ ಬೆಂಕಿ ಹಿಡಿಯದ ಸಾಮಗ್ರಿಯೇ ಆಗಬೇಕು. ಬಿಡಿಭಾಗ ಬೇಕಾದವರಿಗೆ ಸಿಕಂದರಾಬಾದಿನ ರಾಣಿಗಂಜ್ ಇದ್ದೇ ಇದೆ.

ಇನ್ನು ಕಲ್ಪನೆಗೆ ಮಿತಿಯುಂಟೇ? ಬಹಾದ್ದೂರ್‌ಪುರದ ಸುಧಾ ಕಾರ್ ಮ್ಯೂಸಿಯಂನಲ್ಲಿ ಬರ್ಗರ್, ಕ್ಯಾಮೆರಾ ಆಕಾರದ ಕಾರುಗಳೇ ಇವೆ. ಆದರೆ ದಿನವೂ ರಸ್ತೆಯಲ್ಲಿ ಓಡುವ ವ್ಯಾನಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅನ್ವಯಿಸುತ್ತದೆ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ರೆಕ್ಸಿನ್ ಬದಲಿಸಲು ಯಾರ ಅಡ್ಡಿಯೂ ಇಲ್ಲ. ಸೀಟು ಕಿತ್ತು ಮಂಚ ಕೂರಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.